ಹಿಮದ ಹಲಗೆ ಮತ್ತೆ ಅಗಲವಾದ ಕಥೆ

ಸ್ಕೀ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರೋದು ಜೇಮ್ಸ್ ಬಾಂಡ್ ಸಿನಿಮಾ. ಹಿಂದೆ ಬಂದೂಕು ಹಿಡಿದು ಅಟ್ಟಿಸಿಕೊಂಡು ಬರುವ ನಾಲ್ಕು ಜನ, ಮುಂದೆ ಬೆಳ್ಳಗಿನ ಇಳಿಜಾರು, ಕಾಲಿಗೆ ಕಟ್ಟಿದ ಎರಡು ಉದ್ದದ ಪಟ್ಟಿ... ಬಾಂಡ್‌ನ ಕಾರು, ಗಡಿಯಾರಗಳ ಬಗ್ಗೆ ಗಂಟೆಗಟ್ಟಲೆ ಹರಟುವ ನಾವು ಆ ಪಟ್ಟಿಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡವರಲ್ಲ. ಇವತ್ತು ಅದರ ಬಗ್ಗೆಯೇ ಬರೆಯೋಣ ಅಂತ ಕೂತಿದ್ದೇನೆ. ಹಿಮವೇ ಬೀಳದ ನಾಡಿನವನಿಗೆ ಇದೆಲ್ಲಾ ಯಾಕೆ ಅಂತ ಕೇಳಬೇಡಿ :-) ಕೆಲಸದ ಮೇಲೆ ಎರಡು ಚಳಿಗಾಲ ಅಮೆರಿಕದ ಯೂಟಾದಲ್ಲಿದ್ದಾಗ ಹತ್ತಿದ ಹುಚ್ಚು ಇದು, ಇನ್ನೂ ಬಿಟ್ಟಿಲ್ಲ.

ಆದರೆ ಇದು ಆಟದ ಕಥೆಗಿಂತ ಹೆಚ್ಚಾಗಿ ಒಂದು ಸಾಮಾನಿನ ಕಥೆ. ಒಂದು ಸಾಮಾನು ಸರಿಯಾಗಿ ಕೆಲಸ ಮಾಡದೇ ಹೋದಾಗ ನಾವು ತಪ್ಪನ್ನು ಸಾಮಾನಿನ ಮೇಲೆ ಹೊರಿಸ್ತೀವೋ, ಅದನ್ನು ಬಳಸುವವನ ಮೇಲೆ ಹೊರಿಸ್ತೀವೋ ಅನ್ನುವ ಪ್ರಶ್ನೆ ಈ ಕಥೆಯ ಉದ್ದಕ್ಕೂ ಇದೆ.

ಮೊದಲು ಎರಡು ಪದ ಬಿಡಿಸಿಕೊಂಡುಬಿಡೋಣ. ‘ಪೀಸ್ಟ್’ ಅಂದರೆ ಫ್ರೆಂಚಿನಲ್ಲಿ ಜಾಡು. ಸ್ಕೀ ತಾಣಗಳಲ್ಲಿ ರಾತ್ರಿಯಿಡೀ ಯಂತ್ರ ಓಡಿಸಿ ಹಿಮವನ್ನು ಒತ್ತಿ ಹದ ಮಾಡಿಟ್ಟಿರುತ್ತಾರಲ್ಲ, ಆ ದಾರಿ. ‘ಆಫ್-ಪೀಸ್ಟ್’ ಅಂದರೆ ಆ ದಾರಿ ಬಿಟ್ಟು ಆಚೆ. ಅಲ್ಲಿ ಹಿಮ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ. ಕೆಲವು ಕಡೆ ಮೊಣಕಾಲುದ್ದ, ಕೆಲವು ಕಡೆ ಸೊಂಟದವರೆಗೆ. ಇನ್ನು ‘ಫ್ರೀಸ್ಟೈಲ್’ ಅಂದರೆ ಹಾರುವುದು, ಗಾಳಿಯಲ್ಲಿ ತಿರುಗುವುದು, ಲಾಗ ಹಾಕುವುದು, ಹಿಮ್ಮುಖವಾಗಿ ಬಂದು ಇಳಿಯುವುದು. ಇವೆರಡಕ್ಕೂ ಸ್ಕೀ ಕೊಳ್ಳಲು ಹೋದರೆ ಅಂಗಡಿಯವರು ಅಗಲ ಎಷ್ಟು, ರಾಕರ್ ಬೇಕಾ, ಟ್ವಿನ್ ಟಿಪ್ ಬೇಕಾ ಅಂತ ಶುರು ಮಾಡುತ್ತಾರೆ. ಈ ಒಂದೊಂದು ಪದದ ಹಿಂದೆಯೂ ಒಂದೊಂದು ಜಗಳ ಇದೆ.

ಮೊದಲು ದಾರಿಯೇ ಇರಲಿಲ್ಲ

2021ರಲ್ಲಿ ನಾರ್ವೆಯ ಡಿಗರ್‌ವಾರ್ಡೆನ್ ಅನ್ನುವ ಬೆಟ್ಟದ ಮೇಲೆ ಕರಗುತ್ತಿದ್ದ ಹಿಮದಿಂದ ಪುರಾತತ್ವದವರು ಒಂದು ಸ್ಕೀ ಹೊರತೆಗೆದರು. ಅದರ ಜೋಡಿ 2014ರಲ್ಲೇ ಅಲ್ಲಿ ಸಿಕ್ಕಿತ್ತು. ವಯಸ್ಸು ಸುಮಾರು 1300 ವರ್ಷ. ಬರ್ಚ್ ಮರದ ರೆಂಬೆ ಹೊಸೆದು ಮಾಡಿದ ಕಟ್ಟು, ತೊಗಲಿನ ಪಟ್ಟಿ ಕೂಡ ಉಳಿದುಕೊಂಡಿತ್ತು. ನನ್ನ ಗಮನ ಸೆಳೆದದ್ದು ಅದರ ಅಳತೆ. ಉದ್ದ 187 ಸೆಂ.ಮೀ., ಅಗಲ ಸುಮಾರು 17 ಸೆಂ.ಮೀ. ಇವತ್ತು ಅಂಗಡಿಯಲ್ಲಿ ಸಿಗುವ ಅತಿ ಅಗಲದ ಸ್ಕೀಯ ನಡುಭಾಗ 13 ಸೆಂ.ಮೀ. ಆಸುಪಾಸು. ಅಂದರೆ 1300 ವರ್ಷದ ಹಿಂದಿನ ಆ ಅನಾಮಿಕ ಬೇಟೆಗಾರನೋ ವ್ಯಾಪಾರಿಯೋ ನಮಗಿಂತ ಅಗಲದ ಹಲಗೆ ಕಟ್ಟಿಕೊಂಡು ಓಡಾಡುತ್ತಿದ್ದ.

ಇದರಲ್ಲಿ ಆಶ್ಚರ್ಯ ಏನಿಲ್ಲ. ಸ್ಕೀ ಹುಟ್ಟಿದ್ದು ಆಟಕ್ಕಲ್ಲ, ಹಿಮದಲ್ಲಿ ಹೂತುಹೋಗದೆ ನಡೆಯುವುದಕ್ಕೆ. ರಷ್ಯಾದ ಉತ್ತರದಲ್ಲಿ ಸಿಂದೋರ್ ಸರೋವರದ ಹತ್ತಿರ ಸಿಕ್ಕ ತುಂಡುಗಳಿಗೆ ಸುಮಾರು 8000 ವರ್ಷ. ಆಲ್ಟಾಯ್ ಪರ್ವತಗಳ ಬೇಟೆಗಾರರು ಅಗಲದ ಮರದ ಸ್ಕೀಗೆ ಕುದುರೆಯ ಚರ್ಮ ಹೊದಿಸಿ ಈಗಲೂ ಬಳಸುತ್ತಾರೆ. ನಮ್ಮ ಕರಾವಳಿಯ ಕಂಬಳದಲ್ಲಿ ಅಡ್ಡ ಹಲಗೆ ಓಟ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಬರಿಗಾಲಲ್ಲಿ ಕೆಸರಿಗಿಳಿದರೆ ಹೂತುಹೋಗುವ ಅದೇ ಮನುಷ್ಯ ಹಲಗೆ ಮೇಲೆ ನಿಂತಾಗ ಕೆಸರಿನ ಮೇಲೇ ಸಾಗುತ್ತಾನೆ. ಭಾರ ಅಷ್ಟೇ, ಆದರೆ ಅದು ಹಂಚಿಕೆಯಾಗುವ ಜಾಗ ಹೆಚ್ಚು.

ಆಟದ ಸ್ಕೀಯ ಕಥೆ ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೋರ್ಗೆಡಾಲ್ ಅನ್ನುವ ಹಳ್ಳಿಯಿಂದ ಶುರು ಮಾಡುವುದು ವಾಡಿಕೆ. ಅಲ್ಲಿ 1825ರಲ್ಲಿ ಹುಟ್ಟಿದ ಸೋಂಡ್ರೆ ನೋರ್‌ಹೈಮ್ ಒಬ್ಬ ಬಡ ಗೇಣಿದಾರ. ಹೊಲದ ಕೆಲಸಕ್ಕಿಂತ ಇಳಿಜಾರಿನ ಹುಚ್ಚೇ ಜಾಸ್ತಿ. ಹಿಮ್ಮಡಿ ಜಾರದ ಹಾಗೆ ಹೊಸೆದ ಬಳ್ಳಿಯ ಕಟ್ಟು ಹಾಕಿಕೊಂಡ, ನಡು ಸ್ವಲ್ಪ ಕಿರಿದಾಗಿ ತುದಿ-ಬಾಲ ಅಗಲವಾದ ಸ್ಕೀ ಬಳಸಿದ. ಈ ನಡು ಕಿರಿದು ಮಾಡುವ ಆಕಾರಕ್ಕೇ ಇವತ್ತು ‘ಸೈಡ್‌ಕಟ್’ ಅನ್ನುತ್ತಾರೆ. ಸ್ಕೀಯನ್ನು ಅಂಚಿನ ಮೇಲೆ ಓರೆ ಮಾಡಿದಾಗ ಅದು ತಾನಾಗಿ ತಿರುಗುವುದು ಇದರಿಂದಲೇ. 1868ರಲ್ಲಿ, 42ನೇ ವಯಸ್ಸಿನಲ್ಲಿ, ನೋರ್‌ಹೈಮ್ ಕ್ರಿಸ್ಟಿಯಾನಿಯಾಗೆ (ಇಂದಿನ ಓಸ್ಲೋ) ಹೋಗಿ ಅಲ್ಲಿನ ಸ್ಪರ್ಧೆಯಲ್ಲಿ ಪಟ್ಟಣದವರ ಬಾಯಿ ಮುಚ್ಚಿಸಿದ. 1884ರಲ್ಲಿ ಹೊಟ್ಟೆಪಾಡಿಗೆ ಅಮೆರಿಕಕ್ಕೆ ವಲಸೆ ಹೋದ, 1897ರಲ್ಲಿ ಅಲ್ಲೇ ತೀರಿಕೊಂಡ.

ಇಲ್ಲಿ ಒಂದು ವಿಷಯ ಗಮನಿಸಿ. ಮೋರ್ಗೆಡಾಲ್‌ನಲ್ಲಿ ಯಾರೂ ಹಿಮ ಒತ್ತಿ ದಾರಿ ಮಾಡಿಟ್ಟಿರಲಿಲ್ಲ. ನೋರ್‌ಹೈಮ್ ಮತ್ತು ಅವನ ಗೆಳೆಯರು ಇಳಿದದ್ದೆಲ್ಲಾ ಇವತ್ತಿನ ಲೆಕ್ಕದಲ್ಲಿ ಆಫ್-ಪೀಸ್ಟ್. ದಿಣ್ಣೆ ಸಿಕ್ಕಿದಲ್ಲಿ ಹಾರುತ್ತಿದ್ದರು, ಅದು ಇವತ್ತಿನ ಲೆಕ್ಕದಲ್ಲಿ ಫ್ರೀಸ್ಟೈಲ್. ಈಗ ನಾವು ‘ವಿಶೇಷ ವಿಭಾಗ’ ಅಂತ ಬೇರೆ ಕಪಾಟಿನಲ್ಲಿಡುವ ಎರಡೂ ಆಗ ಸ್ಕೀಯಿಂಗ್ ಅಂದರೆ ಅದೇ ಆಗಿತ್ತು.

ಗಡಿಯಾರ ಬಂತು, ಹಲಗೆ ಸಣಕಲಾಯಿತು

1888ರಲ್ಲಿ ನಾನ್ಸೆನ್ ಗ್ರೀನ್‌ಲ್ಯಾಂಡನ್ನು ಸ್ಕೀ ಮೇಲೆ ದಾಟಿದ ಸುದ್ದಿ ಯುರೋಪಿನ ತುಂಬಾ ಹಬ್ಬಿತು. ಆಲ್ಪ್ಸ್ ಪರ್ವತದ ಜನ ಸ್ಕೀ ಹಿಡಿದುಕೊಂಡರು. ಆದರೆ ಆಲ್ಪ್ಸಿನ ಇಳಿಜಾರು ನಾರ್ವೆಗಿಂತ ಕಡಿದು. 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಆರ್ನಾಲ್ಡ್ ಲನ್ ಕಂಬ ನೆಟ್ಟು ಅವುಗಳ ನಡುವೆ ತಿರುಗಿ ಇಳಿಯುವ ಸ್ಲಾಲಮ್ ಓಟಕ್ಕೆ ಆಧುನಿಕ ರೂಪ ಕೊಟ್ಟರು. 1926ರಲ್ಲಿ ಸಾಲ್ಜ್‌ಬರ್ಗ್‌ನ ರುಡಾಲ್ಫ್ ಲೆಟ್ನರ್ ಸ್ಕೀಯ ಅಂಚಿಗೆ ಉಕ್ಕಿನ ಪಟ್ಟಿ ಹಾಕುವ ಉಪಾಯಕ್ಕೆ ಪೇಟೆಂಟ್ ಪಡೆದ. ಇದರಿಂದ ಗಟ್ಟಿ ಹಿಮದ ಮೇಲೆ ಹಿಡಿತ ಸಿಕ್ಕಿತು. 1936ರಲ್ಲಿ ಈ ಇಳಿಜಾರಿನ ಓಟ ಒಲಿಂಪಿಕ್ಸ್‌ಗೂ ಬಂತು. 1950ರ ದಶಕದಲ್ಲಿ ಹಿಮ ಒತ್ತುವ ಯಂತ್ರಗಳು ಬಂದವು.

ಒಂದೊಂದೂ ಒಳ್ಳೆಯದೇ. ಆದರೆ ಎಲ್ಲಾ ಸೇರಿ ಏನಾಯಿತು ಅಂದರೆ, ಒಳ್ಳೆಯ ಸ್ಕೀ ಯಾವುದು ಅಂತ ತೀರ್ಮಾನಿಸುವ ಜಾಗ ಒತ್ತಿದ ಹಿಮ ಆಯಿತು, ತೀರ್ಮಾನಿಸುವವನು ಗಡಿಯಾರ ಹಿಡಿದವನಾದ. ಒತ್ತಿದ ಹಿಮದ ಮೇಲೆ ವೇಗವಾಗಿ ಹೋಗಲು ಉದ್ದ ಬೇಕು, ಒಂದು ಅಂಚಿಂದ ಇನ್ನೊಂದು ಅಂಚಿಗೆ ಬೇಗ ಹೊರಳಲು ನಡು ಕಿರಿದಿರಬೇಕು. ಹಾಗಾಗಿ ಎರಡು ಮೀಟರಿಗೂ ಮಿಕ್ಕಿದ ಉದ್ದ, ನಡುವಲ್ಲಿ 7 ಸೆಂ.ಮೀ. ಕೂಡ ಇಲ್ಲದ ಅಗಲ. ಓಟದಲ್ಲಿ ಗೆದ್ದವನ ಸ್ಕೀಯನ್ನೇ ಕಂಪನಿಗಳು ಸ್ವಲ್ಪ ಮೆತ್ತಗೆ ಮಾಡಿ ನಮ್ಮ ನಿಮ್ಮಂಥವರಿಗೆ ಮಾರಿದವು.

ಇನ್ನೊಂದು ತೊಂದರೆ ಕಣ್ಣಿಗೆ ಬೀಳದ್ದು. ಸ್ಕೀಯನ್ನು ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನ ಹಾಗೆ ಸ್ವಲ್ಪ ಮೇಲೆದ್ದಿರುತ್ತದೆ. ಇದಕ್ಕೆ ‘ಕ್ಯಾಂಬರ್’ ಅನ್ನುತ್ತಾರೆ. ನಾವು ಮೇಲೆ ನಿಂತಾಗ ನಡು ಕೆಳಗಿಳಿದು, ನಮ್ಮ ಭಾರ ತುದಿ ಮತ್ತು ಬಾಲಕ್ಕೂ ಹಂಚಿಕೆಯಾಗುತ್ತದೆ. ಗಟ್ಟಿ ಹಿಮದಲ್ಲಿ ಇದು ವರ. ಉದ್ದಕ್ಕೂ ಅಂಚು ಕಚ್ಚಿ ಹಿಡಿಯುತ್ತದೆ. ಆದರೆ ಮೆತ್ತನೆ ಹಿಮದಲ್ಲಿ ಅದೇ ಒತ್ತಡ ಮುಂದಿನ ತುದಿಯನ್ನು ಹಿಮದೊಳಕ್ಕೆ ನೂಕುತ್ತದೆ. ತುದಿ ಮುಳುಗಿತು ಅಂದರೆ ಸ್ಕೀ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ! ಮುಖ ಅಡಿಯಾಗಿ ಹಿಮದೊಳಗೆ. ಅದಕ್ಕೇ ಹಳಬರು ಮೈಯನ್ನು ಹಿಂದಕ್ಕೆ ವಾಲಿಸಿ, ತೊಡೆಯ ಬಲದ ಮೇಲೆ ತುದಿಯನ್ನು ಎತ್ತಿಹಿಡಿದು ಇಳಿಯುತ್ತಿದ್ದರು.

ಯೂಟಾದ ಆಲ್ಟಾ ತಾಣದಲ್ಲಿ 1940ರ ದಶಕದಲ್ಲಿ ನಾರ್ವೆ ಮೂಲದ ಆಲ್ಫ್ ಎಂಗೆನ್‌ರಂಥವರು ಆಳದ ಹಿಮಕ್ಕೆಂದೇ ಇಳಿಯುವ ವಿಧಾನಗಳನ್ನು ರೂಪಿಸಿದರು. ಆಮೇಲಿನ ದಶಕಗಳಲ್ಲಿ ಎಲ್ಲರೂ ಕಲಿಸಿದ ಪಾಠ ಎರಡೂ ಪಾದ ಅಂಟಿಸಿದ ಹಾಗೆ ಇಟ್ಟುಕೊಂಡು ಲಯಬದ್ಧವಾಗಿ ಮೇಲೆ ಕೆಳಗೆ ಪುಟಿಯುವುದು. ನೋಡಲು ಬಲು ಚೆಂದ. ಆದರೆ ಯೋಚಿಸಿ ನೋಡಿ, ಎರಡು ಪಾದ ಅಂಟಿಸಿದರೆ ಎರಡು ಸಣಕಲು ಹಲಗೆ ಸೇರಿ ಒಂದು ಅಗಲದ ಹಲಗೆ ಆಯಿತು. ಹಲಗೆಯಲ್ಲಿ ಇಲ್ಲದ ಅಗಲವನ್ನು ಮನುಷ್ಯ ತನ್ನ ಮೈಯಿಂದ ತುಂಬಿಕೊಡುತ್ತಿದ್ದ. ಅದಕ್ಕೆ ನಾವು ‘ಶೈಲಿ’ ಅಂತ ಹೆಸರಿಟ್ಟೆವು. ಬಾರದವರಿಗೆ ‘ನಿನ್ನ ಕಾಲಲ್ಲಿ ಬಲ ಇಲ್ಲ, ಇನ್ನೂ ಹತ್ತು ವರ್ಷ ಕಲಿ’ ಅಂದೆವು.

‘ಇದು ಮೋಸ!’

1947ರಲ್ಲಿ ಹೊವರ್ಡ್ ಹೆಡ್ ಅನ್ನುವ ಎಂಜಿನಿಯರ್ ಮೊದಲ ಸಲ ಸ್ಕೀ ಮಾಡಲು ವರ್ಮಾಂಟ್ ರಾಜ್ಯದ ಸ್ಟೋವ್‌ಗೆ ಹೋದರು. ಬಾಲ್ಟಿಮೋರ್‌ನ ಗ್ಲೆನ್ ಮಾರ್ಟಿನ್ ವಿಮಾನ ಕಂಪನಿಯಲ್ಲಿ ಕೆಲಸ. ಸ್ಕೀ ಅವರಿಗೆ ಬಿಲ್ಕುಲ್ ಬರಲಿಲ್ಲ. ಎಲ್ಲರೂ ಹೀಗಾದಾಗ ತಮ್ಮ ಕಾಲನ್ನು ಬಯ್ದುಕೊಂಡರೆ, ಹೆಡ್ ಬಯ್ದದ್ದು ಹಲಗೆಯನ್ನು. ವಿಮಾನ ಕಟ್ಟುವ ಕಾಲದಲ್ಲಿ ಇನ್ನೂ ಮರದ ದಿಮ್ಮಿ ಯಾಕೆ ಅಂತ. ಅಲ್ಯೂಮಿನಿಯಂ ಹಾಳೆಗಳ ನಡುವೆ ಹಗುರ ತಿರುಳಿಟ್ಟು ಅಂಟಿಸಿ ಸ್ಕೀ ಮಾಡಿದರು. ಮೊದಲ ಜೋಡಿಗಳೆಲ್ಲಾ ಮುರಿದುಬಿದ್ದವು. ಮೂರು ಚಳಿಗಾಲ, ನಲವತ್ತರಷ್ಟು ಮಾದರಿಗಳ ನಂತರ 1950ರಲ್ಲಿ ‘ಹೆಡ್ ಸ್ಟ್ಯಾಂಡರ್ಡ್’ ಮಾರುಕಟ್ಟೆಗೆ ಬಂತು. ಅದು ಮರದ ಸ್ಕೀಗಿಂತ ಹಗುರ, ಸುಲಭವಾಗಿ ತಿರುಗುತ್ತಿತ್ತು, ಮೆತ್ತನೆ ಹಿಮದಲ್ಲೂ ಮಾತು ಕೇಳುತ್ತಿತ್ತು.

ಅದಕ್ಕೆ ಸಿಕ್ಕ ಅಡ್ಡಹೆಸರು ಏನು ಗೊತ್ತೇ? ‘ಚೀಟರ್ಸ್’. ಮೋಸದ ಸ್ಕೀ! ಇಷ್ಟು ಸುಲಭವಾಗಿ ತಿರುಗಿದರೆ ಅದು ಮೋಸ ತಾನೇ? ಆದರೆ ಜನ ಮೋಸವನ್ನೇ ಕೊಂಡರು, ಹೆಡ್ ದೊಡ್ಡ ಕಂಪನಿಯಾಯಿತು. (ಅಂದ ಹಾಗೆ ಇದೇ ಮಹಾಶಯರು ಮುಂದೆ ಟೆನಿಸ್ ಕಲಿಯಲು ಹೋಗಿ, ಚೆಂಡು ತಾಗದಿದ್ದಾಗ ರ್‍ಯಾಕೆಟ್ಟನ್ನೇ ದೊಡ್ಡದು ಮಾಡಿದರು. 1976ರ ‘ಪ್ರಿನ್ಸ್’ ದೊಡ್ಡ ರ್‍ಯಾಕೆಟ್ ಅವರದೇ. ಹಟ ಅಂದರೆ ಇದು!)

ದುರಂತ ಏನೆಂದರೆ ಲೋಹದ ಸ್ಕೀಯನ್ನೂ ಓಟದವರು ಎತ್ತಿಕೊಂಡರು. 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಜಾನ್ ವ್ಯುಆರ್ನೆ ಲೋಹದ ಸ್ಕೀ ಮೇಲೆ ಡೌನ್‌ಹಿಲ್ ಚಿನ್ನ ಗೆದ್ದರು. ಆಮೇಲೆ ಫೈಬರ್‌ಗ್ಲಾಸ್ ಬಂತು. ವಸ್ತು ಬದಲಾಯಿತು, ಆಕಾರ ಮಾತ್ರ ಹಾಗೇ ಉಳಿಯಿತು. ಉದ್ದ, ಸಣಕಲು.

ಅಗಲದ ಕಡೆಗೆ ಮೊದಲ ದೊಡ್ಡ ಹೆಜ್ಜೆ ಬಂದದ್ದು ವ್ಯಾಪಾರದ ಒತ್ತಡದಿಂದ. ಕೆನಡಾದಲ್ಲಿ 1965ರಿಂದ ಹಾನ್ಸ್ ಗ್ಮೋಸರ್ ಹೆಲಿಕಾಪ್ಟರಿನಲ್ಲಿ ಜನರನ್ನು ಬೆಟ್ಟದ ಮೇಲೆ ಬಿಟ್ಟು ಸ್ಕೀ ಮಾಡಿಸುವ ಉದ್ಯಮ ಶುರು ಮಾಡಿದ್ದರು. ದುಡ್ಡಿದ್ದವರು ಬರುತ್ತಿದ್ದರು. ಆದರೆ ದುಡ್ಡಿದ್ದವರಿಗೆಲ್ಲಾ ಗಟ್ಟಿ ತೊಡೆ ಇರಬೇಕಲ್ಲ! ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುತ್ತಿದ್ದರು. 1980ರ ದಶಕದ ಕೊನೆಗೆ ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ಎಂಜಿನಿಯರ್ ರೂಪರ್ಟ್ ಹ್ಯೂಬರ್ ಒಂದು ಸ್ನೋಬೋರ್ಡನ್ನು ಉದ್ದುದ್ದಕ್ಕೆ ಗರಗಸದಲ್ಲಿ ಸೀಳಿ ಎರಡು ಸ್ಕೀ ಮಾಡಿದರು ಅಂತ ಕಥೆ ಹೇಳುತ್ತಾರೆ. ಅದರಿಂದ ಬಂದದ್ದೇ ಆಗಿನ ಸ್ಕೀಗಿಂತ ಒಂದೂವರೆ ಪಟ್ಟು ಅಗಲದ, ಗಿಡ್ಡನೆಯ ‘ಫ್ಯಾಟ್ ಬಾಯ್’. ಕೆನಡಾದ ಹೆಲಿಕಾಪ್ಟರ್ ತಾಣಗಳಲ್ಲಿ ಗಿರಾಕಿಗಳು ದಿನವಿಡೀ ಇಳಿಯತೊಡಗಿದರು.

ಪಳಗಿದವರ ಪ್ರತಿಕ್ರಿಯೆ ನೀವೇ ಊಹಿಸಿ. ಮುದುಕರ ಸ್ಕೀ, ಬಾರದವರ ಊರುಗೋಲು ಅಂತ ಗೇಲಿ. 1950ರ ‘ಮೋಸ’ವೇ ಇನ್ನೊಂದು ವೇಷದಲ್ಲಿ ಬಂದಿತ್ತು, ಅಷ್ಟೇ.

ನನ್ನ ಅನುಭವ ಒಂದು ಹೇಳಿಬಿಡುತ್ತೇನೆ. ಯೂಟಾದಲ್ಲಿ ಒಂದು ಭಾನುವಾರ, ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು. ಬೆಳಿಗ್ಗೆ ಗೆಳೆಯನ ಹಳೇ ಸಣಕಲು ಸ್ಕೀ, ಮಧ್ಯಾಹ್ನ ಬಾಡಿಗೆಗೆ ತಂದ ಅಗಲದ ಸ್ಕೀ, ಇಳಿಜಾರು ಅದೇ. ಬೆಳಿಗ್ಗೆ ಮೂರನೇ ಸಲ ಇಳಿಯುವಾಗಲೇ ತೊಡೆ ಉರಿದು ಉಸಿರು ಸಿಕ್ಕಿಹಾಕಿಕೊಂಡಿತ್ತು. ಮಧ್ಯಾಹ್ನ ಸಂಜೆಯವರೆಗೆ ಇಳಿದೆ. ನಡುವೆ ಕಳೆದದ್ದು ಒಂದು ಗಂಟೆ, ತಿಂದದ್ದು ಎರಡು ಬ್ರೆಡ್ಡು. ಅಷ್ಟರಲ್ಲಿ ನನ್ನ ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ.

ದೋಸೆ ಸಟ್ಟುಗ

1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ‘ಎಸ್‌ಸಿಎಕ್ಸ್’ ಅನ್ನುವ ಸ್ಕೀ ತಂದಿತು. ಸೈಡ್‌ಕಟ್ ತುಂಬಾ ಆಳ, ಉದ್ದ ಕಡಿಮೆ. ಓರೆ ಮಾಡಿದರೆ ಸಾಕು, ಸರಕ್ಕನೆ ತಿರುಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲಾ ಕಂಪನಿಗಳೂ ಇದೇ ದಾರಿ ಹಿಡಿದವು. ಪೀಸ್ಟಿನ ಮಟ್ಟಿಗೆ ಇದು ನಿಜಕ್ಕೂ ಕ್ರಾಂತಿ. ಆದರೆ ಆಳದ ಹಿಮದಲ್ಲಿ ಅಗಲದ ತುದಿ ಮತ್ತು ಬಾಲ ತಮಗೆ ಬೇಕಾದ ಕಡೆ ಕೊಕ್ಕೆ ಹಾಕಿದ ಹಾಗೆ ಎಳೆಯುತ್ತಿದ್ದವು.

ಇಲ್ಲಿ ಕಥೆಯೊಳಗೆ ಬರುವವನು ಶೇನ್ ಮೆಕಾಂಕಿ. 1969ರಲ್ಲಿ ಕೆನಡಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯಲ್ಲಿ (2021ರಿಂದ ಆ ತಾಣದ ಹೆಸರು ಪ್ಯಾಲಿಸೇಡ್ಸ್ ತಾಹೋ) ಹೆಸರು ಮಾಡಿದವನು. ತಂದೆ ಜಿಮ್ ಮೆಕಾಂಕಿಯೂ ಆಳದ ಹಿಮದ ಹಳೇ ಹುಲಿ. ಮಗ ಮಹಾ ತಮಾಷೆಯ ಮನುಷ್ಯ. 1996ರಲ್ಲಿ ಅರ್ಜೆಂಟೀನಾದ ಒಂದು ಬಾರಿನಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ಒಂದು ಚಿತ್ರ ಗೀಚಿದ. ಅವನ ವಾದ ಸರಳ. ಆಳದ ಹಿಮ ನೆಲದ ಹಾಗಲ್ಲ, ನೀರಿನ ಹಾಗೆ. ನೀರಿನ ಮೇಲೆ ಓಡುವ ದೋಣಿ, ಸರ್ಫ್ ಹಲಗೆ, ವಾಟರ್ ಸ್ಕೀ ಯಾವುದಾದರೂ ನಡು ಕಿರಿದಾಗಿ ಇದೆಯೇ? ತುದಿ ಕೆಳಗೆ ಬಾಗಿದೆಯೇ? ಇಲ್ಲ. ನಡು ಅಗಲ, ತುದಿ ಮೇಲೆ. ಹಾಗಾದರೆ ನಾವು ಯಾಕೆ ತದ್ವಿರುದ್ಧ ಮಾಡುತ್ತಿದ್ದೇವೆ?

ಯಾರೂ ಕಿವಿಗೊಡಲಿಲ್ಲ. 2001ರಲ್ಲಿ ಅವನು ನಿಜವಾದ ವಾಟರ್ ಸ್ಕೀಗೇ ಹಿಮದ ಬೈಂಡಿಂಗ್ ಜೋಡಿಸಿಕೊಂಡು ಅಲಾಸ್ಕಾದ ಬೆಟ್ಟದಿಂದ ಇಳಿದು ತೋರಿಸಿದ! 2002ರಲ್ಲಿ ವೊಲಾಂಟ್ ಕಂಪನಿ ಅವನ ಸ್ಕೀಯನ್ನು ಮಾರುಕಟ್ಟೆಗೆ ತಂದಿತು. ನಡು ಅಗಲ, ತುದಿ-ಬಾಲ ಕಿರಿದು. ಕ್ಯಾಂಬರ್ ತಿರುಗುಮುರುಗು, ತೂಗುಕುರ್ಚಿಯ ಕಾಲಿನ ಹಾಗೆ ಎರಡೂ ತುದಿ ಮೇಲಕ್ಕೆ. ಈ ಬಾಗಿಗೇ ಇವತ್ತು ‘ರಾಕರ್’ ಅನ್ನುತ್ತಾರೆ. ಆ ಸ್ಕೀಗೆ ಇಟ್ಟ ಹೆಸರು ‘ಸ್ಪ್ಯಾಚುಲಾ’. ನಮ್ಮ ಭಾಷೆಯಲ್ಲಿ ದೋಸೆ ಮಗುಚುವ ಸಟ್ಟುಗ :-)

ಗಟ್ಟಿ ಹಿಮದಲ್ಲಿ ಸಟ್ಟುಗ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಆದರೆ ಆಳದ ಹಿಮದಲ್ಲಿ ತುದಿ ಮುಳುಗಲಿಲ್ಲ, ಸ್ಕೀಯನ್ನು ಪಕ್ಕಕ್ಕೆ ಜಾರಿಸಿ ವೇಗ ಕಡಿಮೆ ಮಾಡಲು ಸಾಧ್ಯವಾಯಿತು. ಅದಕ್ಕೆ ಮೊದಲು ಆಳದ ಹಿಮದಲ್ಲಿ ಅದು ಆಗದ ಮಾತು. 2006ರಲ್ಲಿ ಕೆ2 ಕಂಪನಿ ಅವನ ಯೋಚನೆಯ ಮೇಲೆಯೇ 13 ಸೆಂ.ಮೀ. ನಡು ಇರುವ ‘ಪಾಂಟೂನ್’ ತಂದಿತು. ಅದರ ನಂತರದ ನಾಲ್ಕೈದು ವರ್ಷಗಳಲ್ಲಿ ರಾಕರ್ ಇಲ್ಲದ ಆಫ್-ಪೀಸ್ಟ್ ಸ್ಕೀ ಹುಡುಕುವುದೇ ಕಷ್ಟ ಆಯಿತು. ಡಿಗರ್‌ವಾರ್ಡೆನ್‌ನ ಬೇಟೆಗಾರನ ಹತ್ತಿರಕ್ಕೆ ನಾವು ಮತ್ತೆ ಬಂದಿದ್ದೆವು.

ಹಿಮ್ಮುಖವಾಗಿ ಇಳಿದವರು

ಫ್ರೀಸ್ಟೈಲಿನ ಕಥೆಯೂ ಹೆಚ್ಚುಕಡಿಮೆ ಇದೇ. 1950ರ ದಶಕದಲ್ಲಿ ನಾರ್ವೆಯ ಸ್ಟೀನ್ ಎರಿಕ್ಸನ್ ಸ್ಕೀ ಮೇಲೆ ಲಾಗ ಹಾಕಿ ಜನರನ್ನು ಬೆರಗುಗೊಳಿಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದಲ್ಲಿ ‘ಹಾಟ್‌ಡಾಗ್’ ಅನ್ನುವ ಹೆಸರಲ್ಲಿ ಯಾವ ಕಟ್ಟುಪಾಡೂ ಇಲ್ಲದ ಹಾರಾಟ ನಡೆಯುತ್ತಿತ್ತು. 1979ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಇದನ್ನು ಅಧಿಕೃತ ಕ್ರೀಡೆಯಾಗಿ ಒಪ್ಪಿಕೊಂಡಿತು. ಉಬ್ಬುದಿಣ್ಣೆಗಳ ಮೇಲೆ ಇಳಿಯುವ ‘ಮೊಗಲ್ಸ್’ 1992ರಲ್ಲಿ, ಎತ್ತರಕ್ಕೆ ಹಾರುವ ‘ಏರಿಯಲ್ಸ್’ 1994ರಲ್ಲಿ ಒಲಿಂಪಿಕ್ಸ್ ಸೇರಿದವು. ಜೊತೆಗೆ ನಿಯಮಗಳೂ ಬಂದವು. ಮೊಗಲ್ಸ್‌ನಲ್ಲಿ ತಲೆಕೆಳಗಾಗಿ ಹಾರುವ ಹಾಗಿಲ್ಲ ಅಂತ.

ಅತ್ತ 1965ರಲ್ಲಿ ಮಿಷಿಗನ್‌ನ ಶೆರ್ಮನ್ ಪಾಪೆನ್ ಮಗಳ ಆಟಕ್ಕೆ ಎರಡು ಸ್ಕೀ ಜೋಡಿಸಿ ಮಾಡಿದ ಹಲಗೆ ಬೆಳೆದು ಸ್ನೋಬೋರ್ಡ್ ಆಗಿತ್ತು. 1990ರ ದಶಕದ ಹುಡುಗರೆಲ್ಲಾ ಅದರ ಹಿಂದೆ ಹೋದರು. ಹಾರಲೆಂದೇ ಕಟ್ಟಿದ ಹಿಮದ ಮೈದಾನಗಳಲ್ಲಿ ಎಷ್ಟೋ ಕಡೆ ಸ್ಕೀ ಹಾಕಿದವರಿಗೆ ಪ್ರವೇಶವೇ ಇರಲಿಲ್ಲ.

ಕೆನಡಾದ ಮೊಗಲ್ಸ್ ತರಬೇತುದಾರ ಮೈಕ್ ಡಗ್ಲಸ್ ಮತ್ತು ಜೆ.ಪಿ. ಆಕ್ಲೇರ್, ಜೆ.ಎಫ್. ಕುಸ್ಸಾನ್, ವಿನ್ಸೆಂಟ್ ಡೊರಿಯಾನ್ ಮುಂತಾದ ಹುಡುಗರು ಸ್ನೋಬೋರ್ಡಿನವರು ಮಾಡುವುದನ್ನೆಲ್ಲಾ ಸ್ಕೀಯಲ್ಲಿ ಮಾಡಲು ಹೊರಟರು. ಅಡ್ಡಿ ಒಂದೇ. ಸ್ಕೀಯ ಬಾಲ ಚಪ್ಪಟೆ. ಹಿಮ್ಮುಖವಾಗಿ ಇಳಿದರೆ ಅದು ಹಿಮಕ್ಕೆ ಚುಚ್ಚಿಕೊಂಡು ಬೀಳಿಸುತ್ತದೆ. ಬಾಲವನ್ನೂ ತುದಿಯ ಹಾಗೆ ಮೇಲಕ್ಕೆ ಬಗ್ಗಿಸಿಕೊಡಿ ಅಂತ ಕಂಪನಿ ಕಂಪನಿ ಅಲೆದರು. ಕೊನೆಗೆ ಒಪ್ಪಿದ್ದು ಸಾಲೊಮನ್. 1998ರಲ್ಲಿ ಬಂದ ಆ ಸ್ಕೀಯ ಹೆಸರು ‘ಟೆನ್-ಎಯ್ಟಿ’, ಅಂದರೆ 1080 ಡಿಗ್ರಿ, ಗಾಳಿಯಲ್ಲಿ ಮೂರು ಪೂರ್ತಿ ಸುತ್ತು. ಎರಡೂ ಕಡೆ ತುದಿ ಇರುವುದರಿಂದ ಇಂಥವಕ್ಕೆ ‘ಟ್ವಿನ್ ಟಿಪ್’ ಅಂತ ಹೆಸರು. ಬಾಲ ಬಗ್ಗಿಸಿದ ಸ್ಕೀ ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಬಂದಿದ್ದರೂ, ಆಟವನ್ನೇ ಬದಲಿಸಿದ್ದು ಇದು. ಸ್ಲೋಪ್‌ಸ್ಟೈಲ್ ಮತ್ತು ಹಾಫ್‌ಪೈಪ್ 2014ರ ಸೋಚಿ ಒಲಿಂಪಿಕ್ಸ್‌ಗೆ, ಬಿಗ್ ಏರ್ 2022ರ ಬೀಜಿಂಗ್‌ಗೆ ಬಂದವು. ಬೇಲಿಯ ಆಚೆ ನಿಂತಿದ್ದ ಹುಡುಗರ ಆಟಕ್ಕೆ ಪದಕ ಬಂತು.

ಹಾಗಾದರೆ ಯಾವುದು ಕೊಳ್ಳೋದು?

ಇಷ್ಟು ಕಥೆ ಗೊತ್ತಿದ್ದರೆ ಅಂಗಡಿಯ ಭಾಷೆ ತಾನಾಗಿ ಅರ್ಥವಾಗುತ್ತದೆ. ಯಾರು ಗೆದ್ದರು ಅನ್ನುವುದನ್ನು ಬಿಟ್ಟು, ಯಾವ ಹಿಮದ ಮೇಲೆ ಅಂತ ಮೊದಲು ಕೇಳಿ.

ಬಹುಪಾಲು ದಿನ ಪೀಸ್ಟ್ ಮೇಲೇ ಇರುವವರಿಗೆ ನಡು 75-85 ಮಿ.ಮೀ. ಸಾಕು. ಅರ್ಧ ಅಲ್ಲಿ ಅರ್ಧ ಆಚೆ ಅನ್ನುವವರಿಗೆ 95-105 ಮಿ.ಮೀ. ಆಳದ ಹಿಮಕ್ಕೆಂದೇ ಎರಡನೇ ಜೋಡಿ ಇಟ್ಟುಕೊಳ್ಳುವ ಅನುಕೂಲಸ್ಥರಿಗೆ 110ರ ಮೇಲೆ. ಅಗಲ ಹೆಚ್ಚಾದಷ್ಟೂ ಗಟ್ಟಿ ಹಿಮದಲ್ಲಿ ಅಂಚು ಬದಲಿಸುವುದು ನಿಧಾನ, ಮಂಡಿಗೂ ಕೆಲಸ ಜಾಸ್ತಿ. ಮೆಕಾಂಕಿಯ ಪೂರ್ತಿ ಬಾಳೆಹಣ್ಣಿನಾಕಾರ ಈಗ ಅಪರೂಪ. ಹೆಚ್ಚಿನವು ತುದಿ-ಬಾಲದಲ್ಲಿ ರಾಕರ್, ಕಾಲಡಿ ಕ್ಯಾಂಬರ್ ಇರುವ ಮಿಶ್ರತಳಿ. ಮೆತ್ತನೆ ಹಿಮದಲ್ಲಿ ತೇಲುತ್ತವೆ, ಗಟ್ಟಿಯಲ್ಲಿ ಕಚ್ಚುತ್ತವೆ. ರಾಕರ್ ಇದ್ದರೆ ಹಿಮಕ್ಕೆ ತಾಗುವ ಉದ್ದ ಕಡಿಮೆಯಾಗುವುದರಿಂದ, ಪೀಸ್ಟಿನ ಸ್ಕೀಗಿಂತ ಸ್ವಲ್ಪ ಉದ್ದದ್ದು ತೆಗೆದುಕೊಂಡರೂ ನಡೆಯುತ್ತದೆ.

ಹಾರಾಟಕ್ಕಾದರೆ ಟ್ವಿನ್ ಟಿಪ್, ನಡು 85ರಿಂದ 100. ಕಬ್ಬಿಣದ ಕಂಬಿಗಳ ಮೇಲೆ ಜಾರುವವರು ಅಂಚು ದಪ್ಪ ಇದೆಯಾ ನೋಡಿಕೊಳ್ಳಿ. ಬೈಂಡಿಂಗನ್ನು ನಡುವಿಗೆ ಹತ್ತಿರ ಕೂರಿಸಿದರೆ ತಿರುಗುವುದು ಸುಲಭ. ಆದರೆ ಅದೇ ಸ್ಕೀಯಲ್ಲಿ ಆಳದ ಹಿಮಕ್ಕೂ ಹೋಗುವುದಾದರೆ ಬೈಂಡಿಂಗ್ ಸ್ವಲ್ಪ ಹಿಂದಿರಲಿ, ಇಲ್ಲದಿದ್ದರೆ ತುದಿ ಮುಳುಗುತ್ತದೆ. ಎಲ್ಲಕ್ಕಿಂತ ಮೊದಲು, ಸಾಧ್ಯವಾದರೆ ಎರಡು ಮೂರು ಬಗೆಯದ್ದನ್ನು ಬಾಡಿಗೆಗೆ ತಂದು ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಹಾಕಿ ನೋಡಿ. ಅಂಗಡಿಯ ಗೋಡೆ ಮೇಲಿನ ಬಣ್ಣ ಏನೂ ಹೇಳುವುದಿಲ್ಲ.

ಹಲಗೆಗೆ ಗೊತ್ತಿಲ್ಲದ್ದು

ಇಲ್ಲಿಗೇ ಮುಗಿಸಿದರೆ ಇದು ಬರೀ ಗೆಲುವಿನ ಕಥೆ ಆದೀತು. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ.

ಸಣಕಲು ಸ್ಕೀಯ ಕಾಲದಲ್ಲಿ ಆಳದ ಹಿಮಕ್ಕೆ ಹೋಗುವವನು ಹತ್ತು ವರ್ಷ ಬಿದ್ದು ಎದ್ದು ಕಲಿತಿರುತ್ತಿದ್ದ. ಆ ಹತ್ತು ವರ್ಷದಲ್ಲಿ ಬೆಟ್ಟವನ್ನೂ ಅಷ್ಟಿಷ್ಟು ಓದಲು ಕಲಿತಿರುತ್ತಿದ್ದ. ಗಾಳಿ ಯಾವ ಕಡೆ ಹಿಮ ಪೇರಿಸಿದೆ, ಕೆಳಗಿನ ಪದರ ಹೇಗಿದೆ, ನಿನ್ನೆಯ ಬಿಸಿಲು ಏನು ಮಾಡಿದೆ ಅಂತೆಲ್ಲಾ. ಅಗಲದ ಸ್ಕೀ ಆ ಹತ್ತು ವರ್ಷವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿತು. ಕಾಲಿನ ಪಾಠ ಬೇಗ ಮುಗಿಯಿತು, ಬೆಟ್ಟದ ಪಾಠ ಹಾಗೇ ಉಳಿಯಿತು. ಹಿಮಪಾತಗಳು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆಫ್-ಪೀಸ್ಟ್‌ನಲ್ಲಿ ನಮಗೆ ಮಜಾ ಕೊಡುವ ಇಳಿಜಾರೂ ಸರಿಯಾಗಿ ಅದೇ.

ಪಳಗಿದವರನ್ನೂ ಬೆಟ್ಟ ಬಿಟ್ಟಿಲ್ಲ. ಟೆನ್-ಎಯ್ಟಿ ಹುಡುಗರಲ್ಲಿ ಒಬ್ಬನಾದ ಜೆ.ಪಿ. ಆಕ್ಲೇರ್ 2014ರ ಸೆಪ್ಟೆಂಬರಿನಲ್ಲಿ ಚಿಲಿ-ಅರ್ಜೆಂಟೀನಾ ಗಡಿಯ ಸಾನ್ ಲೊರೆಂಜೊ ಪರ್ವತದಲ್ಲಿ, ಗೆಳೆಯ ಆಂಡ್ರಿಯಾಸ್ ಫ್ರಾನ್ಸನ್ ಜೊತೆ ಹಿಮಪಾತಕ್ಕೆ ಬಲಿಯಾದ. ಮೆಕಾಂಕಿ ಹೋದದ್ದು ಬೇರೆ ರೀತಿ. 2009ರ ಮಾರ್ಚ್ 26ರಂದು ಇಟಲಿಯ ಡೊಲೊಮೈಟ್ಸ್‌ನಲ್ಲಿ ಸ್ಕೀ ಸಮೇತ ಬಂಡೆಯಿಂದ ಹಾರಿ, ಗಾಳಿಯಲ್ಲಿ ಸ್ಕೀ ಕಳಚಿ, ಪ್ಯಾರಾಚೂಟ್ ಬಿಚ್ಚುವ ಸಾಹಸ. ಸ್ಕೀ ಅಂದುಕೊಂಡ ಹಾಗೆ ಕಳಚಲಿಲ್ಲ. ಆಗ ಅವನಿಗೆ 39 ವರ್ಷ.

ನಮ್ಮ ದೇಶದಲ್ಲೂ ಇದು ದೂರದ ಮಾತಲ್ಲ. ಗುಲ್ಮಾರ್ಗ್‌ನ ಗೊಂಡೊಲಾ 2005ರಿಂದ ಅಫರ್ವಾತ್ ಬೆಟ್ಟದ ಹೆಗಲಿನವರೆಗೆ, ಸುಮಾರು 3900 ಮೀಟರ್ ಎತ್ತರಕ್ಕೆ ಹೋಗುತ್ತದೆ. ಮೇಲೆ ಇಳಿದವನ ಎದುರಿಗಿರುವುದು ಬಹುತೇಕ ಆಫ್-ಪೀಸ್ಟೇ. ಅದಕ್ಕೇ ಪ್ರಪಂಚದ ಎಲ್ಲೆಡೆಯಿಂದ ಜನ ಅಗಲದ ಸ್ಕೀ ಹೊತ್ತು ಅಲ್ಲಿಗೆ ಬರುತ್ತಾರೆ. 2023ರ ಫೆಬ್ರವರಿಯಲ್ಲಿ ಅಲ್ಲಿ ಹಿಮಪಾತಕ್ಕೆ ಇಬ್ಬರು ಪೋಲೆಂಡಿನವರು ತೀರಿಕೊಂಡರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೋಗಿ ಸ್ಕೀ ಕಲಿತು ಬರುವವರು ಈಗ ನಮ್ಮ ಬ್ಲಾಗಿಗರಲ್ಲೂ ಇದ್ದಾರೆ, ಹಾಗಾಗಿ ಹೇಳುತ್ತಿದ್ದೇನೆ. ಪೀಸ್ಟ್ ಬಿಟ್ಟು ಆಚೆ ಹೋಗುವುದಾದರೆ ಹಿಮದಡಿ ಸಿಕ್ಕಿದವರನ್ನು ಪತ್ತೆ ಮಾಡುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದದ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಲೂ ಬರಬೇಕು. ಹೂತುಹೋದವನಿಗೆ ಇರುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಪಕ್ಕದಲ್ಲಿದ್ದವರೇ ಅಗೆಯಬೇಕು, ಊರಿಂದ ಯಾರೂ ಬರುವಷ್ಟು ಹೊತ್ತಿರುವುದಿಲ್ಲ. ಅವತ್ತಿನ ಹಿಮಪಾತದ ಸೂಚನೆ ಓದಿ, ಸ್ಥಳೀಯ ಗೈಡ್ ಬೇಡ ಅಂದರೆ ಹೋಗಬೇಡಿ.

ಹೊವರ್ಡ್ ಹೆಡ್, ಹ್ಯೂಬರ್, ಮೆಕಾಂಕಿ, ಆ ಕೆನಡಾದ ಹುಡುಗರು ಎಲ್ಲರೂ ನಮಗೆ ಹೇಳಿಕೊಟ್ಟದ್ದು ಒಂದೇ. ಇಳಿಯಲು ಬಾರದಿದ್ದರೆ ತಪ್ಪು ನಿನ್ನ ಕಾಲಿನದೇ ಆಗಿರಬೇಕಿಲ್ಲ, ಹಲಗೆಯನ್ನೂ ಅನುಮಾನಿಸು. ಸುಲಭವಾದದ್ದೆಲ್ಲಾ ಮೋಸ ಅಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಬೆಟ್ಟದ ವಿಷಯಕ್ಕೆ ಬಂದರೆ ಹಲಗೆ ಎಷ್ಟು ಅಗಲವಾದರೂ ಅಷ್ಟೇ. ಅದನ್ನು ಕಲಿಯಲು ಈಗಲೂ ಹತ್ತು ವರ್ಷವೇ ಬೇಕು.

ನಿಮ್ಮಲ್ಲಿ ಯಾರಾದರೂ ಗುಲ್ಮಾರ್ಗ್, ಔಲಿ, ಅಥವಾ ಹೊರದೇಶದಲ್ಲಿ ಹಿಮಕ್ಕಿಳಿದವರಿದ್ದರೆ ಯಾವ ಸ್ಕೀ ಹಾಕಿದ್ದಿರಿ, ಹೇಗಿತ್ತು ಅಂತ ಬರೆಯಿರಿ. ಸಣಕಲು ಸ್ಕೀಯ ಅಭಿಮಾನಿಗಳು ಜಗಳಕ್ಕೆ ಬಂದರೂ ಸ್ವಾಗತ :-)